ಪದಗಳಿಗೆ ವಿಳಾಸ ಕೊಟ್ಟ ವೈದ್ಯ: ಪೀಟರ್ ಮಾರ್ಕ್ ರೋಜೆ

ಇಂಗ್ಲಿಷ್‌ನಲ್ಲಿ ಪ್ರಬಂಧ ಬರೆಯಲು ಕುಳಿತ ವಿದ್ಯಾರ್ಥಿಯನ್ನು ವ್ಯಾಕರಣಕ್ಕಿಂತ ಮೊದಲು ಕಾಡುವುದು ಪದದ ಕೊರತೆ. ಹೇಳಬೇಕಾದ ವಿಚಾರ ಮನಸ್ಸಿನಲ್ಲಿ ಸ್ಪಷ್ಟವಾಗಿರುತ್ತದೆ. ಅದಕ್ಕೆ ತಕ್ಕ ಶಬ್ದ ಮಾತ್ರ ನಾಲಿಗೆಯ ತುದಿಯವರೆಗೆ ಬಂದು ನಿಂತುಬಿಡುತ್ತದೆ. ಕೊನೆಗೆ ‘ಗುಡ್’, ‘ಬ್ಯಾಡ್’, ‘ನೈಸ್’ ಎಂಬ ಮೂರು ನಾಲ್ಕು ಸವಕಲು ನಾಣ್ಯಗಳಲ್ಲೇ ಇಡೀ ವ್ಯಾಪಾರ ಮುಗಿದುಹೋಗುತ್ತದೆ. ಸಾಮಾನ್ಯ ನಿಘಂಟು ಇಲ್ಲಿ ನೆರವಿಗೆ ಬಾರದು. ಪದವನ್ನು ಕೊಟ್ಟರೆ ಅದು ಅರ್ಥವನ್ನು ಹೇಳುತ್ತದೆ. ಅರ್ಥವನ್ನು ಕೊಟ್ಟರೆ ಪದವನ್ನು ಹುಡುಕಿಕೊಡುವ ಪುಸ್ತಕವೇ ಬೇರೆ.

ಅಂಥ ಪುಸ್ತಕವೊಂದನ್ನು ಇಂಗ್ಲಿಷ್ ಭಾಷೆಗೆ ಕೊಟ್ಟವನು ಪೀಟರ್ ಮಾರ್ಕ್ ರೋಜೆ. 1852ರಲ್ಲಿ ಲಂಡನ್ನಿನ ಲಾಂಗ್‌ಮನ್ ಸಂಸ್ಥೆ ಪ್ರಕಟಿಸಿದ ಆತನ ‘ಥಿಸಾರಸ್’ ಇಂದಿಗೂ ಮುದ್ರಣದಲ್ಲಿದೆ. ಉನ್ನತ ಮಟ್ಟದ ಇಂಗ್ಲಿಷ್ ಪದಸಂಪತ್ತನ್ನು ಗಳಿಸಬೇಕೆಂಬ ವಿದ್ಯಾರ್ಥಿಗಳ ಮೇಜಿನ ಮೇಲೆ, ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳ ಕಪಾಟಿನಲ್ಲಿ, ಪತ್ರಿಕಾ ಕಚೇರಿಗಳಲ್ಲಿ ಅದರ ಒಂದಲ್ಲ ಒಂದು ರೂಪ ಕಾಣಸಿಗುತ್ತದೆ. ನಮ್ಮ ಕಡೆ ಬಹುಮಂದಿ ‘ರೊಗೆಟ್’ ಎಂದೇ ಓದುವುದು ವಾಡಿಕೆ. ಹೆಸರು ಫ್ರೆಂಚ್ ಮೂಲದ್ದಾದ್ದರಿಂದ ಕೊನೆಯ ಅಕ್ಷರ ಉಚ್ಚಾರಣೆಯಲ್ಲಿ ಬಿದ್ದುಹೋಗುತ್ತದೆ. ಹೆಸರು ಇಷ್ಟು ಪ್ರಸಿದ್ಧವಾದರೂ ಆ ಹೆಸರಿನ ಮನುಷ್ಯನ ಬದುಕು ಮಾತ್ರ ಪುಸ್ತಕದ ಹಿಂದೆ ಮರೆಯಾಗಿದೆ. ಆತ ಇಂಗ್ಲಿಷ್ ಅಧ್ಯಾಪಕನಲ್ಲ, ಕವಿಯೂ ಅಲ್ಲ. ವೃತ್ತಿಯಿಂದ ವೈದ್ಯ. ಪುಸ್ತಕ ಹೊರಬಂದಾಗ ಆತನಿಗೆ 73 ವರ್ಷ.

ತಂದೆಯಿಲ್ಲದ ಬಾಲ್ಯ

ರೋಜೆ ಹುಟ್ಟಿದ್ದು 1779ರ ಜನವರಿ 18ರಂದು, ಲಂಡನ್ನಿನಲ್ಲಿ. ತಂದೆ ಜಾನ್ ರೋಜೆ ಜಿನೀವಾದವನು. ಲಂಡನ್ನಿನ ಫ್ರೆಂಚ್ ಪ್ರಾಟೆಸ್ಟೆಂಟ್ ಚರ್ಚೊಂದರಲ್ಲಿ ಪಾದ್ರಿ. ತಾಯಿ ಕ್ಯಾಥರೀನ್, ಮುಂದೆ ಇಂಗ್ಲೆಂಡಿನ ದಂಡಸಂಹಿತೆಯ ಕ್ರೌರ್ಯವನ್ನು ತಗ್ಗಿಸಲು ಸಂಸತ್ತಿನಲ್ಲಿ ಹೋರಾಡಿದ ಖ್ಯಾತ ನ್ಯಾಯವಾದಿ ಸ್ಯಾಮ್ಯುಯೆಲ್ ರೊಮಿಲಿಯ ಸೋದರಿ. ಮಗುವಿಗೆ ಇನ್ನೂ ಐದು ತುಂಬುವ ಮೊದಲೇ, 1783ರಲ್ಲಿ, ತಂದೆ ಕ್ಷಯರೋಗದಿಂದ ತೀರಿಕೊಂಡ. ಅಲ್ಲಿಂದ ಮುಂದೆ ತಾಯಿ ಒಂದು ಊರಲ್ಲಿ ನೆಲೆ ನಿಂತವಳಲ್ಲ. ಮಗನನ್ನೂ ಪುಟ್ಟ ಮಗಳನ್ನೂ ಕಟ್ಟಿಕೊಂಡು ಊರಿನಿಂದ ಊರಿಗೆ, ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ತಿರುಗಿದಳು. ಆಕೆಯ ಮನೆತನದಲ್ಲಿ ಮಾನಸಿಕ ಅಸ್ವಾಸ್ಥ್ಯದ ಎಳೆಯಿತ್ತು. ಕೊನೆಗಾಲದಲ್ಲಿ ಆಕೆಯೂ ಅದಕ್ಕೆ ತುತ್ತಾದಳು.

ಇಂಥ ಅಲೆದಾಟದ ನಡುವೆ ಹುಡುಗ ಹಿಡಿದುಕೊಂಡ ಆಸರೆ ವಿಚಿತ್ರವಾದದ್ದು: ಪಟ್ಟಿ ಮಾಡುವುದು. ಎಂಟನೆಯ ವಯಸ್ಸಿನ ಸುಮಾರಿಗೆ ಆತ ಇಟ್ಟುಕೊಂಡಿದ್ದ ಟಿಪ್ಪಣಿ ಪುಸ್ತಕದಲ್ಲಿ ಲ್ಯಾಟಿನ್ ಪದಗಳು, ಅವುಗಳ ಎದುರಿಗೆ ಇಂಗ್ಲಿಷ್ ಅರ್ಥಗಳು ಇವೆ. ಅವು ಅಕ್ಷರಾನುಕ್ರಮದಲ್ಲಿಲ್ಲ; ಪ್ರಾಣಿಗಳು, ದೇಹದ ಅಂಗಗಳು ಹೀಗೆ ವಿಷಯವಾರು ಗುಂಪುಗಳಾಗಿ ಕುಳಿತಿವೆ. 2008ರಲ್ಲಿ ರೋಜೆಯ ಜೀವನಚರಿತ್ರೆ ಬರೆದ ಅಮೆರಿಕದ ಲೇಖಕ ಜೋಶುವಾ ಕೆಂಡಲ್, ಸುತ್ತಲಿನ ಅಸ್ತವ್ಯಸ್ತತೆಯಿಂದ ತಪ್ಪಿಸಿಕೊಳ್ಳಲು ಆ ಬಾಲಕ ಕಂಡುಕೊಂಡ ದಾರಿಯೇ ಈ ಪಟ್ಟಿಗಳು ಎಂದು ವಾದಿಸಿದ್ದಾನೆ. ಮನಶ್ಶಾಸ್ತ್ರದ ಇಂಥ ವಿವರಣೆಯನ್ನು ಪೂರ್ತಿ ಒಪ್ಪಬೇಕಾಗಿಲ್ಲ. ಆದರೆ ಆತ ತನ್ನ ಆತ್ಮಕಥೆಯೆಂದು ಬಿಟ್ಟುಹೋಗಿರುವುದು ಕೂಡ ದಿನಾಂಕಗಳ, ಮುಖ್ಯ ಘಟನೆಗಳ ಒಂದು ಪಟ್ಟಿಯೇ ಎಂಬುದನ್ನು ನೆನೆದರೆ, ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು.

14ರ ಹರೆಯದಲ್ಲಿ, 1793ರಲ್ಲಿ, ಆತ ಎಡಿನ್‌ಬರೋ ವಿಶ್ವವಿದ್ಯಾನಿಲಯ ಸೇರಿದ. ತಾಯಿಯೂ ಜೊತೆಯಲ್ಲೇ ಹೋಗಿ ಮನೆ ಮಾಡಿದಳು. 1798ರಲ್ಲಿ ವೈದ್ಯಕೀಯ ಪದವಿ ಕೈಸೇರಿದಾಗ ಆತನಿಗೆ 19 ವರ್ಷ. ಅಷ್ಟು ಎಳೆಯ ವೈದ್ಯನ ಬಳಿಗೆ ರೋಗಿಗಳು ಬರುವುದುಂಟೆ? ಕೆಲವು ವರ್ಷ ಆತ ಅಲ್ಲಿ ಇಲ್ಲಿ ದುಡಿದ. ಬ್ರಿಸ್ಟಲ್‌ನಲ್ಲಿ ಥಾಮಸ್ ಬೆಡೋಸ್ ತೆರೆದಿದ್ದ ಅನಿಲ ಚಿಕಿತ್ಸಾಲಯದಲ್ಲಿ 1799ರಲ್ಲಿ ತರುಣ ವಿಜ್ಞಾನಿ ಹಂಫ್ರಿ ಡೇವಿಯ ಪ್ರಯೋಗಗಳಿಗೆ ಸೇರಿಕೊಂಡ. ನಗೆ ಅನಿಲವೆಂದು ಹೆಸರಾದ ನೈಟ್ರಸ್ ಆಕ್ಸೈಡನ್ನು ಅಲ್ಲಿ ಕವಿಗಳೂ ಪಂಡಿತರೂ ಉಸಿರೆಳೆದು ಆನಂದಪಡುತ್ತಿದ್ದರು. ರೋಜೆಗೆ ಅದು ಹಿಡಿಸಲಿಲ್ಲ. ತನ್ನ ವಿಚಾರಗಳ ಮೇಲಿನ ಹತೋಟಿ ತಪ್ಪಿದ್ದನ್ನು ಆತ ವರದಿ ಮಾಡಿದನೇ ಹೊರತು ಸುಖವನ್ನಲ್ಲ. ಮರುವರ್ಷ ತತ್ತ್ವಚಿಂತಕ ಜೆರೆಮಿ ಬೆಂತಾಮ್‌ನ ಮನೆಯಲ್ಲಿದ್ದು, ಆಹಾರ ಪದಾರ್ಥಗಳನ್ನು ತಣ್ಣಗಿಡುವ ನೆಲಮಾಳಿಗೆಯ ಯೋಜನೆಗೆ ಕೆಲವು ವಾರ ಕೈಜೋಡಿಸಿದ. ಅದೂ ದಡ ಸೇರಲಿಲ್ಲ.

ಜಿನೀವಾದಿಂದ ಪಲಾಯನ

ಬ್ರಿಟನ್ ಮತ್ತು ಫ್ರಾನ್ಸ್‌ಗಳ ನಡುವೆ 1802ರಲ್ಲಿ ಆಮಿಯಾಂ ಒಪ್ಪಂದವಾಗಿ, ವರ್ಷಗಳ ಯುದ್ಧ ನಿಂತಿತು. ಇಂಗ್ಲಿಷರು ಯೂರೋಪ್ ನೋಡಲು ಹಿಂಡುಹಿಂಡಾಗಿ ಹೊರಟರು. ಮ್ಯಾಂಚೆಸ್ಟರಿನ ಶ್ರೀಮಂತ ಹತ್ತಿಗಿರಣಿ ಮಾಲೀಕ ಜಾನ್ ಫಿಲಿಪ್ಸ್ ತನ್ನ ಹದಿಹರೆಯದ ಇಬ್ಬರು ಗಂಡುಮಕ್ಕಳಿಗೆ ಪಾಠ ಹೇಳುತ್ತ ಪ್ರವಾಸ ಮಾಡಿಸಲು ರೋಜೆಯನ್ನು ನೇಮಿಸಿದ. ಪ್ಯಾರಿಸ್ಸಿನಲ್ಲಿ ಮೂರು ತಿಂಗಳ ವಾಸ, ಬಳಿಕ ತಂದೆಯ ಊರಾದ ಜಿನೀವಾ. ಆಗ ಜಿನೀವಾ ಸ್ವತಂತ್ರ ನಗರವಾಗಿ ಉಳಿದಿರಲಿಲ್ಲ. 1798ರಲ್ಲೇ ಫ್ರಾನ್ಸ್ ಅದನ್ನು ನುಂಗಿತ್ತು.

1803ರ ಮೇ ತಿಂಗಳಲ್ಲಿ ಒಪ್ಪಂದ ಮುರಿದುಬಿತ್ತು. ಫ್ರಾನ್ಸಿನ ಆಳ್ವಿಕೆಯಲ್ಲಿರುವ, 18ರಿಂದ 60ರ ವಯಸ್ಸಿನ ಎಲ್ಲ ಬ್ರಿಟಿಷ್ ಗಂಡಸರನ್ನೂ ಬಂಧನದಲ್ಲಿಡಬೇಕೆಂದು ನೆಪೋಲಿಯನ್ ಆಜ್ಞೆ ಹೊರಡಿಸಿದ. ಸೈನಿಕರಲ್ಲದ ಪ್ರವಾಸಿಗಳನ್ನು ಹೀಗೆ ಹಿಡಿದಿಡುವುದು ಅಂದಿನ ಯೂರೋಪಿಗೆ ಹೊಸತು. ಶಿಷ್ಯರಿಬ್ಬರೂ ಆ ವಯಸ್ಸಿಗಿಂತ ಕಿರಿಯರು. ಗಂಡಾಂತರವಿದ್ದುದು 24 ವರ್ಷದ ಗುರುವಿಗೇ. ಆದರೂ ಆತ ಮೊದಲು ಹುಡುಗರನ್ನು ಗಡಿ ದಾಟಿಸಿ ಸ್ವಿಸ್ ನೆಲಕ್ಕೆ ಕಳಿಸಿದ. ತಾನು ಹಿಂದೆ ಉಳಿದು, ತನ್ನ ತಂದೆ ಜಿನೀವಾದ ನಾಗರಿಕನಾಗಿದ್ದನೆಂಬ ದಾಖಲೆಗಳನ್ನು ಕಚೇರಿಯಿಂದ ಕಚೇರಿಗೆ ಹೊತ್ತು ತಿರುಗಿದ. ತಂದೆ ಜಿನೀವಾದವನಾದರೆ ಮಗನೂ ಜಿನೀವಾದವನು. ಜಿನೀವಾ ಈಗ ಫ್ರಾನ್ಸ್ ಆದ್ದರಿಂದ ತಾನು ಬ್ರಿಟಿಷನೇ ಅಲ್ಲ ಎಂಬುದು ವಾದ. ಒಂದು ಪದದ ವ್ಯಾಖ್ಯೆಯ ಮೇಲೆ ಒಬ್ಬನ ಬಿಡುಗಡೆ ನಿಂತಿತ್ತು. ವಾದ ಗೆದ್ದಿತು, ಪ್ರಯಾಣಪತ್ರ ಸಿಕ್ಕಿತು. ಮರೆಯಲು ಬಾರದ ತನ್ನ ಇಂಗ್ಲಿಷ್‌ತನವನ್ನು ಬಚ್ಚಿಟ್ಟುಕೊಂಡು, ಸಾಧಾರಣ ಉಡುಪು ತೊಟ್ಟು, ಶಿಷ್ಯರನ್ನು ಕೂಡಿಕೊಂಡು ಆತ ಸ್ವಿಟ್ಜರ್ಲೆಂಡಿನ ಮೂಲಕ ರೈನ್ ನದಿ ದಾಟಿ ಜರ್ಮನಿ ಸೇರಿದ. ಅಲ್ಲಿಂದ ಸುತ್ತಿ ಬಳಸಿ ಇಂಗ್ಲೆಂಡಿಗೆ ಮರಳಿದ.

ಎಲ್ಲರಿಗೂ ಈ ಅದೃಷ್ಟವಿರಲಿಲ್ಲ. ಜಿನೀವಾದಲ್ಲಿ ಆತನೊಂದಿಗಿದ್ದ ಗೆಳೆಯ, ಕಾದಂಬರಿಕಾರ್ತಿ ಮರಾಯ ಎಜ್‌ವರ್ತ್‌ಳ ಸೋದರ ಲೊವೆಲ್ ಎಜ್‌ವರ್ತ್ ಸಿಕ್ಕಿಬಿದ್ದ. ಅವನು ಬಿಡುಗಡೆಯಾಗಿ ಊರು ಕಂಡದ್ದು 1814ರಲ್ಲಿ, 11 ವರ್ಷಗಳ ಬಳಿಕ.

ಮ್ಯಾಂಚೆಸ್ಟರಿನ ಹಸ್ತಪ್ರತಿ

1804ರಲ್ಲಿ ರೋಜೆ ಮ್ಯಾಂಚೆಸ್ಟರ್ ಆಸ್ಪತ್ರೆಯ ವೈದ್ಯನಾದ. ಗಿರಣಿಗಳ ಹೊಗೆಯಲ್ಲಿ ಮುಳುಗಿದ್ದ ಆ ನಗರದಲ್ಲಿ ದಿನವಿಡೀ ರೋಗಿಗಳು, ಸಂಜೆ ಉಪನ್ಯಾಸಗಳು. ಶರೀರಶಾಸ್ತ್ರದ ಉಪನ್ಯಾಸಗಳಿಗೆ ಹೆಸರು ಬಂದರೂ ತನ್ನ ಮಾತಿನ ಬಗ್ಗೆ, ಬರವಣಿಗೆಯ ಬಗ್ಗೆ ಆತನಿಗೆ ತೃಪ್ತಿಯಿರಲಿಲ್ಲ. ಮನೆಯಲ್ಲಿ ಫ್ರೆಂಚ್ ಕೇಳುತ್ತ ಬೆಳೆದ ಆ ತರುಣ, ಇಂಗ್ಲಿಷ್‌ನಲ್ಲಿ ತಕ್ಕ ಪದ ತಕ್ಕ ಸಮಯಕ್ಕೆ ಒದಗುತ್ತಿಲ್ಲವೆಂಬ ತನ್ನ ಕೊರತೆಯನ್ನು ನೀಗಿಕೊಳ್ಳಲು 1805ರಲ್ಲಿ ಒಂದು ಉಪಾಯ ಮಾಡಿದ. ಬಾಲ್ಯದ ಹವ್ಯಾಸವನ್ನೇ ಹಿಗ್ಗಿಸಿ, ಸುಮಾರು 15,000 ಪದಗಳನ್ನು ಅರ್ಥಾನುಸಾರ ವರ್ಗಗಳಾಗಿ ವಿಂಗಡಿಸಿದ ಒಂದು ಪಟ್ಟಿಯನ್ನು ಸಿದ್ಧಪಡಿಸಿಕೊಂಡ. ಅದು ಸಂಪೂರ್ಣ ಸ್ವಂತ ಬಳಕೆಗೆ. ಪ್ರಕಟಿಸುವ ಯೋಚನೆ ಇರಲಿಲ್ಲ. ಉಪನ್ಯಾಸ ಬರೆಯುವಾಗ, ಲೇಖನ ತಿದ್ದುವಾಗ ಆ ಹಸ್ತಪ್ರತಿ ಪಕ್ಕದಲ್ಲಿರುತ್ತಿತ್ತು. ಸುಮಾರು ಅರ್ಧ ಶತಮಾನ ಅದು ಹಾಗೆಯೇ ಇತ್ತು.

ಇದು ಇಂದಿನ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ. ಲೋಕಪ್ರಸಿದ್ಧವಾದ ಆ ಗ್ರಂಥ ಹುಟ್ಟಿದ್ದು ಮತ್ತೊಬ್ಬರಿಗೆ ಕಲಿಸಲೆಂದಲ್ಲ. ಓದಿ, ಕೇಳಿ, ಬರೆದು ತಾನೇ ಕಂಡುಕೊಂಡ ಪದಗಳನ್ನು ತನ್ನ ಕೈಯಿಂದಲೇ ಜೋಡಿಸಿಟ್ಟುಕೊಂಡ ಒಬ್ಬ ಕಲಿಯುವವನ ನೋಟ್‌ಬುಕ್ ಆಗಿ.

ಲಂಡನ್ನಿನ ದಶಕಗಳು

1808ರಲ್ಲಿ ಆತ ಲಂಡನ್ನಿಗೆ ಬಂದು ಬರ್ನಾರ್ಡ್ ಬೀದಿಯಲ್ಲಿ ನೆಲೆಸಿದ. ಮುಂದಿನ 40 ವರ್ಷ ಆತನ ಕೈಯಾಡದ ಕ್ಷೇತ್ರವೇ ಇಲ್ಲವೆನ್ನಬೇಕು. ಬಡವರ ಔಷಧಾಲಯವೊಂದರಲ್ಲಿ ಸಂಬಳವಿಲ್ಲದೆ ವರ್ಷಗಟ್ಟಲೆ ದುಡಿದ. ಸಂಖ್ಯೆಗಳ ಘಾತ ಹಾಗೂ ಮೂಲಗಳನ್ನು ಸುಲಭವಾಗಿ ಲೆಕ್ಕಹಾಕುವ ಹೊಸ ಬಗೆಯ ಸ್ಲೈಡ್ ರೂಲ್ ರೂಪಿಸಿ, ಅದರ ಬಲದಿಂದ 1815ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದ. ಎಲೆಕ್ಟ್ರಾನಿಕ್ ಕ್ಯಾಲ್ಕುಲೇಟರ್ ಬರುವವರೆಗೂ ಎಂಜಿನಿಯರುಗಳ ಜೇಬಿನಲ್ಲಿದ್ದ ಸ್ಲೈಡ್ ರೂಲಿನ ಒಂದು ಮುಖ್ಯ ಮಾಪಕ ಈ ವೈದ್ಯನ ಕೊಡುಗೆ. ತಲೆಬುರುಡೆಯ ಉಬ್ಬುತಗ್ಗು ಮುಟ್ಟಿ ಮನುಷ್ಯನ ಗುಣ ಹೇಳುತ್ತೇವೆಂಬ ‘ಫ್ರೆನಾಲಜಿ’ ಆಗ ದೊಡ್ಡ ಫ್ಯಾಷನ್ ಆಗಿತ್ತು. ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾಕ್ಕೆ ಬರೆದ ಲೇಖನದಲ್ಲಿ ರೋಜೆ ಅದಕ್ಕೆ ಆಧಾರವಿಲ್ಲವೆಂದು ಸಾಧಿಸಿದ. 1827ರಲ್ಲಿ ಲಂಡನ್ನಿನ ಕುಡಿಯುವ ನೀರಿನ ಪರಿಶೀಲನೆಗೆ ನೇಮಕವಾದ ಮೂವರ ಆಯೋಗದಲ್ಲಿ ಪ್ರಸಿದ್ಧ ಎಂಜಿನಿಯರ್ ಥಾಮಸ್ ಟೆಲ್ಫರ್ಡ್ ಜೊತೆಗೆ ಆತನೂ ಇದ್ದ. ಕೊಳಚೆ ಸೇರಿದ ಥೇಮ್ಸ್ ನೀರನ್ನೇ ಜನರಿಗೆ ಕುಡಿಸುತ್ತಿದ್ದ ಕಂಪನಿಗಳ ವಿಚಾರವನ್ನು ಮರುವರ್ಷದ ವರದಿ ಬಯಲಿಗೆ ತಂದಿತು.

1824ರ ಡಿಸೆಂಬರಿನಲ್ಲಿ ಓದಿದ ಒಂದು ಸಣ್ಣ ಪ್ರಬಂಧದಿಂದ ಆತನ ಹೆಸರು ಸಿನಿಮಾ ಇತಿಹಾಸಕ್ಕೂ ಸೇರಿದೆ. ಲಂಬವಾದ ಸಂದುಗಳ ಮೂಲಕ ನೋಡಿದಾಗ ಉರುಳುವ ಗಾಡಿಚಕ್ರದ ಅರಗಳು ಬಾಗಿದಂತೆ ಕಾಣುವುದೇಕೆ ಎಂಬ ವಿವರಣೆ ಅದು. ಚಲನಚಿತ್ರದ ತತ್ತ್ವವನ್ನು ರೋಜೆ ಮುಂಗಂಡನೆಂದು ಕೆಲವು ಪುಸ್ತಕಗಳು ಬರೆಯುತ್ತವೆ. ಅದು ಉತ್ಪ್ರೇಕ್ಷೆ. ನಿಂತ ಚಿತ್ರಗಳು ಚಲಿಸುವಂತೆ ಕಾಣುವ ಮಾತನ್ನು ಆತ ಅಲ್ಲಿ ಎತ್ತಿಯೇ ಇಲ್ಲ.

ಈ ಎಲ್ಲ ಗೌರವಗಳ ನಡುವೆ ಸಾವು ಆತನ ಬೆನ್ನು ಬಿಡಲಿಲ್ಲ. ತಂದೆಯ ಸ್ಥಾನದಲ್ಲಿ ನಿಂತು ಸಲಹಿದ ಸೋದರಮಾವ ರೊಮಿಲಿ, ಪತ್ನಿ ತೀರಿಕೊಂಡ ನಾಲ್ಕೇ ದಿನಗಳಲ್ಲಿ, 1818ರ ನವೆಂಬರ್ 2ರಂದು, ಆ ದುಃಖ ತಾಳಲಾರದೆ ತನ್ನ ಜೀವ ತಾನೇ ಕಳೆದುಕೊಂಡ. ಅವನನ್ನು ನೋಡಿಕೊಳ್ಳುತ್ತಿದ್ದ ವೈದ್ಯ ರೋಜೆಯೇ. ಆ ಮನೆಯಲ್ಲೇ ಇದ್ದೂ ಉಳಿಸಿಕೊಳ್ಳಲಾಗಲಿಲ್ಲ. 1824ರಲ್ಲಿ, 45ನೆಯ ವಯಸ್ಸಿನಲ್ಲಿ, ಆತ ಲಿವರ್‌ಪೂಲಿನ ಹತ್ತಿ ವರ್ತಕನೊಬ್ಬನ ಮಗಳು ಮೇರಿ ಹಾಬ್ಸನ್‌ಳನ್ನು ಮದುವೆಯಾದ. ಒಂದು ಹೆಣ್ಣು, ಒಂದು ಗಂಡು ಹುಟ್ಟಿದವು. ಒಂಬತ್ತೇ ವರ್ಷಗಳ ಸಂಸಾರ. 1833ರಲ್ಲಿ ಮೇರಿ ಕ್ಯಾನ್ಸರಿನಿಂದ ತೀರಿಕೊಂಡಳು. ಪ್ರಾಣಿ ಮತ್ತು ಸಸ್ಯಗಳ ಶರೀರಕ್ರಿಯೆಯನ್ನು ಕುರಿತ ತನ್ನ ಎರಡು ಸಂಪುಟಗಳ ಬೃಹದ್ಗ್ರಂಥವನ್ನು ಆತ ಮುಗಿಸಿದ್ದು ಆ ಆಘಾತದ ದಿನಗಳಲ್ಲೇ. 1834ರಲ್ಲಿ ಅದು ಹೊರಬಂತು. ಮತ್ತೆ ಮದುವೆಯಾಗಲಿಲ್ಲ.

ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿ 1827ರಿಂದ 1848ರವರೆಗೆ ಆತ ದುಡಿದ. 21 ವರ್ಷ ದೀರ್ಘ ಕಾಲ. ನಿರ್ಗಮನ ಮಾತ್ರ ಸುಖಕರವಾಗಿರಲಿಲ್ಲ. ನರಗಳ ಪ್ರತಿವರ್ತನ ಕ್ರಿಯೆಯ ಬಗ್ಗೆ ಮಹತ್ವದ ಸಂಶೋಧನೆ ನಡೆಸಿದ್ದ ಮಾರ್ಷಲ್ ಹಾಲ್‌ನ ಪ್ರಬಂಧಗಳನ್ನು ಸೊಸೈಟಿ ತಿರಸ್ಕರಿಸಿತ್ತು. ಹಾಲ್ ಅದಕ್ಕೆ ರೋಜೆಯನ್ನೇ ಹೊಣೆ ಮಾಡಿ ಬಹಿರಂಗವಾಗಿ ದೂರಿದ. ಬಳಿಕ ಶರೀರಶಾಸ್ತ್ರದ ರಾಯಲ್ ಪದಕವೊಂದನ್ನು ಕೊಟ್ಟ ರೀತಿಯ ಬಗ್ಗೆ ದೊಡ್ಡ ಗಲಾಟೆಯೆದ್ದಿತು. ಹೊಸ ತಲೆಮಾರಿನ ವಿಜ್ಞಾನಿಗಳಿಗೆ ಹಳೆಯ ಕಾರ್ಯದರ್ಶಿ ಬೇಡವಾಗಿದ್ದ. ಇದರಲ್ಲಿ ರೋಜೆಯ ತಪ್ಪೇನೂ ಇರಲಿಲ್ಲವೆಂದು ಹೇಳುವಂತಿಲ್ಲ. ಹಾಲ್‌ನ ಸಂಶೋಧನೆಯನ್ನು ಇತಿಹಾಸ ಎತ್ತಿಹಿಡಿದಿದೆ. 70ರ ಅಂಚಿನಲ್ಲಿ ಆತ ಮನೆಗೆ ಮರಳಿದ.

ಸಾವಿರ ಶೀರ್ಷಿಕೆಗಳು

ಆಗ ಕೈಗೆ ಬಂದದ್ದು 1805ರ ಆ ಹಳೆಯ ಹಸ್ತಪ್ರತಿ. ಮೂರು ನಾಲ್ಕು ವರ್ಷ ಆತ ಬೇರೇನನ್ನೂ ಹಚ್ಚಿಕೊಳ್ಳದೆ ಅದನ್ನು ಬೆಳೆಸಿದ. ‘ಥಿಸಾರಸ್’ ಎಂಬುದು ಭಂಡಾರ, ಕೋಶ ಎಂಬರ್ಥದ ಗ್ರೀಕ್ ಮೂಲದ ಪದ. ನಮ್ಮ ‘ನಿಧಿ’ಗೂ ‘ಶಬ್ದಕೋಶ’ಕ್ಕೂ ಇರುವ ನಂಟು ಅದರಲ್ಲೂ ಇದೆ.

ಪುಸ್ತಕದ ರಚನೆ ಒಬ್ಬ ಜೀವವಿಜ್ಞಾನಿಯದು. ಸಸ್ಯಗಳನ್ನೂ ಪ್ರಾಣಿಗಳನ್ನೂ ವರ್ಗ, ಗಣ, ಕುಲಗಳಾಗಿ ವಿಂಗಡಿಸುವಂತೆ ಆತ ಮನುಷ್ಯನ ಸಕಲ ವಿಚಾರಗಳನ್ನೂ ಆರು ವರ್ಗಗಳಿಗೆ ಇಳಿಸಿದ: ಅಮೂರ್ತ ಸಂಬಂಧಗಳು, ದೇಶ, ದ್ರವ್ಯ, ಬುದ್ಧಿ, ಸಂಕಲ್ಪ ಮತ್ತು ಭಾವ. ಅವುಗಳೊಳಗೆ ಉಪವಿಭಾಗಗಳು, ಅವುಗಳೊಳಗೆ ಒಟ್ಟು 1,000 ಶೀರ್ಷಿಕೆಗಳು. ಮೊದಲನೆಯದು ‘ಅಸ್ತಿತ್ವ’, ಅದರ ಪಕ್ಕದ ಅಂಕಣದಲ್ಲೇ ‘ನಾಸ್ತಿತ್ವ’. ಸಾವಿರದನೆಯದು ‘ದೇವಾಲಯ’. ಒಂದು ಶೀರ್ಷಿಕೆಯ ಕೆಳಗೆ ಆ ವಿಚಾರಕ್ಕೆ ಸಂಬಂಧಿಸಿದ ನಾಮಪದ, ಕ್ರಿಯಾಪದ, ಗುಣವಾಚಕ, ನುಡಿಗಟ್ಟುಗಳೆಲ್ಲ ಸಾಲಾಗಿ ಬರುತ್ತವೆ. ಎದುರು ಅಂಕಣದಲ್ಲಿ ಅದರ ವಿರುದ್ಧ ವಿಚಾರ. ಕೆಲವೆಡೆ ಎರಡರ ನಡುವಿನದೂ ಒಂದಿರುತ್ತದೆ. ಆದಿ ಮತ್ತು ಅಂತ್ಯಗಳ ನಡುವೆ ಮಧ್ಯ ಇರುವಂತೆ. ಕೊನೆಯಲ್ಲಿ ಅಕಾರಾದಿ ಸೂಚಿ. ಗೊತ್ತಿರುವ ಒಂದು ಸಾಧಾರಣ ಪದವನ್ನು ಸೂಚಿಯಲ್ಲಿ ಹುಡುಕಿ, ಅಲ್ಲಿರುವ ಸಂಖ್ಯೆ ಹಿಡಿದು ಹೋದರೆ, ಆ ಪದದ ಇಡೀ ಬಂಧುಬಳಗ ಒಂದೇ ಅಂಗಳದಲ್ಲಿ ನೆರೆದಿರುತ್ತದೆ.

ಆತನಿಗಿಂತ ಮುಂಚೆ ಇಂಗ್ಲಿಷ್‌ನಲ್ಲಿ ಪರ್ಯಾಯಪದಗಳ ಪುಸ್ತಕ ಇರಲಿಲ್ಲವೆಂದಲ್ಲ. 1794ರಲ್ಲಿ ಹೆಸ್ಟರ್ ಪಿಯೋಜ್ಜಿ, 1816ರಲ್ಲಿ ಜಾರ್ಜ್ ಕ್ರ್ಯಾಬ್ ಅಂಥವನ್ನು ತಂದಿದ್ದರು. ಅವರಿಬ್ಬರೂ ಪದಪದಗಳ ನಡುವಿನ ಸೂಕ್ಷ್ಮ ಭೇದವನ್ನು ವಿವರಿಸಲು ಹೊರಟವರು. ರೋಜೆ ಆ ಗೋಜಿಗೇ ಹೋಗಲಿಲ್ಲ. ಅರ್ಥ ಹೇಳುವುದು, ವ್ಯತ್ಯಾಸ ತಿಳಿಸುವುದು ತನ್ನ ಕೆಲಸವಲ್ಲವೆಂದು ಪೀಠಿಕೆಯಲ್ಲೇ ಸ್ಪಷ್ಟಪಡಿಸಿದ.

ಅಮರಸಿಂಹನ ನೆನಪು

ಕನ್ನಡ ಓದುಗರಿಗೆ ಕುತೂಹಲವೆನಿಸುವ ಒಂದು ಅಂಶ ಆ ಪೀಠಿಕೆಯ ಅಡಿಟಿಪ್ಪಣಿಯಲ್ಲಿ ಅಡಗಿದೆ. ಈ ಬಗೆಯ ಗ್ರಂಥಗಳಲ್ಲಿ ತನ್ನ ಗಮನಕ್ಕೆ ಬಂದ ಅತ್ಯಂತ ಪ್ರಾಚೀನ ಕೃತಿ ಎಂದು ರೋಜೆ ಹೆಸರಿಸುವುದು ಅಮರಸಿಂಹನ ಅಮರಕೋಶವನ್ನು. ಹೆನ್ರಿ ಕೋಲ್‌ಬ್ರೂಕ್ ಮಾಡಿದ ಅದರ ಇಂಗ್ಲಿಷ್ ಅನುವಾದ 1808ರಲ್ಲಿ ಬಂಗಾಳದ ಸೇರಂಪುರದಲ್ಲಿ ಅಚ್ಚಾಗಿತ್ತು. ಅದನ್ನು ಹೆಸರಿಸಿದ ಮೇಲೆ ರೋಜೆ ಅದರ ವರ್ಗೀಕರಣ ತೀರ ಅಪೂರ್ಣ, ಗೊಂದಲಮಯ. ಅಮೂರ್ತ ವಿಚಾರಗಳ, ಮನೋವ್ಯಾಪಾರಗಳ ವಿಷಯದಲ್ಲಂತೂ ಇನ್ನೂ ಹೆಚ್ಚು ಎಂಬ ತೀರ್ಪನ್ನೂ ಕೊಡುತ್ತಾನೆ.

ತೀರ್ಪು ಅವಸರದ್ದು. ಅಮರಕೋಶ ಕಣ್ಣಿನಿಂದ ಹುಡುಕುವ ಪುಸ್ತಕವಲ್ಲ, ಕಂಠದಲ್ಲಿ ಧರಿಸುವ ಪುಸ್ತಕ. ಸ್ವರ್ಗದಿಂದ ಆರಂಭಿಸಿ ಆಕಾಶ, ದಿಕ್ಕು, ಕಾಲ, ಭೂಮಿ, ಪುರ, ಶೈಲ, ವನ, ಮನುಷ್ಯ ಎಂದು ಕಣ್ಣಿಗೆ ಕಾಣುವ, ಮನಸ್ಸು ಕಲ್ಪಿಸುವ ಲೋಕದ ಕ್ರಮದಲ್ಲೇ ಅದರ ವರ್ಗಗಳು ಸಾಗುತ್ತವೆ. ಪದ್ಯದಲ್ಲಿರುವುದರಿಂದ ಬಾಯಿಪಾಠ ಸುಲಭ. ಪದಗಳ ಲಿಂಗವೂ ಅದರೊಳಗೇ ತಿಳಿದುಬರುತ್ತದೆ. ಕನ್ನಡ ನಾಡಿನಲ್ಲಿ ಶತಮಾನಗಳ ಕಾಲ ಪಾಠಶಾಲೆಯ ಹುಡುಗರು ಸಂಸ್ಕೃತ ಕಲಿತದ್ದು ಅಮರವನ್ನು ಉರುಹೊಡೆದೇ. ಅದಕ್ಕೆ ನಾಚಿರಾಜನ ಕನ್ನಡ ಟೀಕೆಯಿದೆ. ಮೈಸೂರು ಸೀಮೆಯಲ್ಲಿ ದುಡಿದ ಬಿ.ಎಲ್. ರೈಸ್ ಕನ್ನಡ ಮತ್ತು ಇಂಗ್ಲಿಷ್ ಅರ್ಥಗಳೊಂದಿಗೆ ಅದನ್ನು ಬೆಂಗಳೂರಿನಲ್ಲಿ ಅಚ್ಚು ಮಾಡಿಸಿದ. ನಮ್ಮದೇ ಕವಿಗಳು ರನ್ನ, ಎರಡನೆಯ ನಾಗವರ್ಮ ನಿಘಂಟುಗಳನ್ನು ಪದ್ಯದಲ್ಲೇ ಬರೆದವರು. ಅಮರಸಿಂಹ ಸ್ವರ್ಗದಿಂದ ಹೊರಟರೆ ರೋಜೆ ದೇವಾಲಯದಲ್ಲಿ ಮುಗಿಸುತ್ತಾನೆ. ಇಬ್ಬರ ಹಾದಿಯೂ ಒಂದೇ, ದಿಕ್ಕು ಬೇರೆ.

ಒಂದು ಮಾತು ಮಾತ್ರ ರೋಜೆಯ ಪರವಾಗಿದೆ. ಕೋಪ, ಸಂದೇಹ, ಸಾಧ್ಯತೆ, ಕಾರಣ ಮುಂತಾದ ನಿರಾಕಾರ ವಿಚಾರಗಳಿಗೆ ಅಷ್ಟು ವಿಶಾಲವಾದ ಜಾಗವನ್ನು ಆತನಷ್ಟು ವ್ಯವಸ್ಥಿತವಾಗಿ ಮತ್ತಾರೂ ಕಲ್ಪಿಸಿರಲಿಲ್ಲ. ಪ್ರಬಂಧ ಬರೆಯುವ ವಿದ್ಯಾರ್ಥಿಗೆ ಬೇಕಾಗುವುದು ಹೆಚ್ಚಾಗಿ ಅವೇ ಪದಗಳು.

ಔಷಧವೂ ಹೌದು, ಅಪಾಯವೂ ಹೌದು

ಥಿಸಾರಸ್ ಯಾರಿಗಾಗಿ ಎಂಬ ಪ್ರಶ್ನೆ ಪುಸ್ತಕದಷ್ಟೇ ಹಳೆಯದು. ಪದಗಳನ್ನು ಬಲ್ಲವನಿಗೆ, ಆದರೆ ಆ ಕ್ಷಣಕ್ಕೆ ನೆನಪಾಗದವನಿಗೆ ಅದು ಬರೆಯಲ್ಪಟ್ಟಿತು. ಓದಿದಾಗ ಅರ್ಥವಾಗುವ ಪದಗಳು ನಮ್ಮಲ್ಲಿ ಸಾವಿರಾರು. ಬರೆಯುವಾಗ ಕೈಗೆ ಬರುವವು ಅವುಗಳಲ್ಲಿ ಕೆಲವೇ. ಈ ಮಲಗಿರುವ ಪದಗಳನ್ನು ಎಬ್ಬಿಸುವುದು ರೋಜೆಯ ಉದ್ದೇಶ. ಪದವನ್ನೇ ಅರಿಯದವನಿಗೆ ಅದೇ ಸಾಲು ಬಲೆಯಾಗಬಲ್ಲದು. ‘ಫೇಮಸ್’ ಎಂಬುದರ ನೆರೆಯಲ್ಲಿ ‘ನೊಟೋರಿಯಸ್’ ಕಂಡು, ಸ್ವಾತಂತ್ರ್ಯ ಹೋರಾಟಗಾರನೊಬ್ಬನಿಗೆ ಆ ವಿಶೇಷಣ ಹಚ್ಚಿದರೆ ಪ್ರಸಿದ್ಧ ಹೋಗಿ ಕುಖ್ಯಾತನಾಗುತ್ತಾನೆ. ‘ಸ್ಲೆಂಡರ್’ ಎಂದರೆ ಹೊಗಳಿಕೆ, ‘ಸ್ಕಿನ್ನಿ’ ಎಂದರೆ ತೆಗಳಿಕೆ, ‘ಇಮೇಷಿಯೇಟೆಡ್’ ಎಂದರೆ ಕಾಯಿಲೆಯವನು, ಮೂರೂ ತೆಳ್ಳಗಿನವನೇ. ‘ಚೈಲ್ಡ್‌ಲೈಕ್’ ಎಂದರೆ ಮುಗ್ಧ, ‘ಚೈಲ್ಡಿಶ್’ ಎಂದರೆ ಬಾಲಿಶ. ಸಮಾನಾರ್ಥಕವೆಂಬ ಹೆಸರಿದ್ದರೂ ಭಾಷೆಯಲ್ಲಿ ಎರಡು ಪದಗಳು ಪೂರ್ಣ ಸಮಾನವಾಗುವುದು ಅಪರೂಪ. ಕನ್ನಡದಲ್ಲಿ ನೀರು, ಜಲ, ತೀರ್ಥ ಒಂದೇ ವಸ್ತುವಾದರೂ ಬಾಯಾರಿದ ಅತಿಥಿಗೆ ಯಾರೂ ಒಂದು ಲೋಟ ತೀರ್ಥ ಕೊಡಲೇ ಎಂದು ಕೇಳುವುದಿಲ್ಲ.

ಈ ಆಕ್ಷೇಪವನ್ನು ಬಲವಾಗಿ ಎತ್ತಿದವನು ಲೇಖಕ ಸೈಮನ್ ವಿಂಚೆಸ್ಟರ್. 2001ರಲ್ಲಿ ‘ದಿ ಅಟ್ಲಾಂಟಿಕ್’ ಪತ್ರಿಕೆಯಲ್ಲಿ ಬರೆದ ದೀರ್ಘ ಲೇಖನದಲ್ಲಿ, ಅರ್ಥವಿಲ್ಲದ ಪಟ್ಟಿಗಳನ್ನು ಕೈಗಿತ್ತು ರೋಜೆ ಬರಹಗಾರರನ್ನು ಸೋಮಾರಿಗಳನ್ನಾಗಿಸಿದನೆಂದು ಆತ ದೂರಿದ. ದೂರು ಪೂರ್ತಿ ಸುಳ್ಳಲ್ಲ. ಆದರೆ ತಪ್ಪು ವಿಳಾಸಕ್ಕೆ ಹೋದದ್ದು. ನಿಘಂಟನ್ನು ಪಕ್ಕದಲ್ಲಿಟ್ಟುಕೊಳ್ಳದೆ ಥಿಸಾರಸ್ ತೆರೆಯುವವನ ತಪ್ಪಿಗೆ ರೋಜೆ ಹೊಣೆಯಲ್ಲ. ಆತನ ಮೂಲ ವಿನ್ಯಾಸವನ್ನು ಹಾಗೆಯೇ ಬಳಸಿದರೆ ಪದಕ್ಕೊಂದು ಸಂದರ್ಭ ತಾನಾಗಿ ಸಿಗುತ್ತದೆ: ಒಂದು ಪದ ಯಾವ ವರ್ಗದಲ್ಲಿದೆ, ಅದರ ಎದುರಿಗೆ ಯಾವುದಿದೆ, ಆಚೀಚೆಯ ಶೀರ್ಷಿಕೆಗಳು ಯಾವುವು ಎಂಬುದೇ ಅರ್ಧ ಪಾಠ. ಪದವನ್ನು ಒಂಟಿಯಾಗಿ ಉರುಹೊಡೆಯುವುದಕ್ಕಿಂತ ಅದರ ಕುಟುಂಬದೊಡನೆ, ವಿರೋಧಿಯೊಡನೆ ಕಲಿತರೆ ನೆನಪು ಗಟ್ಟಿ. ಅಮರವನ್ನು ಕಲಿಸಿದ ನಮ್ಮ ಹಿಂದಿನ ಉಪಾಧ್ಯಾಯರಿಗೆ ಇದು ಗೊತ್ತಿತ್ತು.

ವಿಪರ್ಯಾಸವೆಂದರೆ, ಇಂದು ‘ರೋಜೆ’ ಎಂಬ ಹೆಸರು ಹೊತ್ತ ಎಷ್ಟೋ ಪುಸ್ತಕಗಳಲ್ಲಿ ಆತನ ಆ ಆರು ವರ್ಗಗಳೇ ಇಲ್ಲ. ಪದಗಳು ಎಬಿಸಿಡಿ ಕ್ರಮದಲ್ಲಿ ಕುಳಿತಿವೆ. ಅಮೆರಿಕದಲ್ಲಂತೂ ಆ ಹೆಸರು ಥಿಸಾರಸ್ ಎಂಬುದಕ್ಕೇ ಪರ್ಯಾಯಪದವಾಗಿಬಿಟ್ಟಿದೆ, ಯಾರು ಬೇಕಾದರೂ ಮುಖಪುಟಕ್ಕೆ ಹಾಕಿಕೊಳ್ಳಬಹುದು.

ಕೊನೆಯ ವರ್ಷಗಳು

ಮೊದಲ ಮುದ್ರಣ ಸಾವಿರ ಪ್ರತಿಗಳದು. ಬೇಡಿಕೆ ತಕ್ಷಣ ಬಂತು. 1854ರಲ್ಲಿ ಬಾಸ್ಟನ್‌ನಲ್ಲಿ ಹೊರಬಂದ ಅಮೆರಿಕನ್ ಆವೃತ್ತಿಯ ಸಂಪಾದಕ ಬಾರ್ನಸ್ ಸಿಯರ್ಸ್, ಗ್ರಾಮ್ಯವೆಂದು ತನಗೆ ತೋರಿದ ಪದಗಳನ್ನು ಕಿತ್ತುಹಾಕಿದ. ವಿದ್ಯಾರ್ಥಿಗಳ ನಡತೆ ಕೆಟ್ಟೀತೆಂಬ ಭಯ. ಓದುಗರು ಒಪ್ಪಲಿಲ್ಲ. ಅವು ಅನುಬಂಧವಾಗಿ ಮರಳಿ ಬಂದವು.

ರೋಜೆಯ ಜೀವಿತಕಾಲದಲ್ಲೇ ಪುಸ್ತಕ 28 ಮುದ್ರಣಗಳನ್ನು ಕಂಡಿತು. ಅಷ್ಟಕ್ಕೆ ಆತ ತಣಿಯಲಿಲ್ಲ. ತನ್ನ ಪ್ರತಿಯ ಅಂಚುಗಳಲ್ಲಿ ಹೊಸ ಪದಗಳನ್ನು, ನುಡಿಗಟ್ಟುಗಳನ್ನು ಸೇರಿಸುತ್ತಲೇ ಹೋದ. 1869ರ ಸೆಪ್ಟೆಂಬರ್ 12ರಂದು, ಬೇಸಿಗೆ ಕಳೆಯಲು ಹೋಗಿದ್ದ ಪಶ್ಚಿಮ ಮಾಲ್ವರ್ನ್‌ನಲ್ಲಿ, 90ನೆಯ ವಯಸ್ಸಿನಲ್ಲಿ ತೀರಿಕೊಂಡ. ಅಲ್ಲಿಯ ಸೇಂಟ್ ಜೇಮ್ಸ್ ಚರ್ಚಿನ ಆವರಣದಲ್ಲಿ ಆತನ ಸಮಾಧಿಯಿದೆ.

ವಕೀಲನಾಗಿದ್ದ ಮಗ ಜಾನ್ ಲೂಯಿಸ್ ರೋಜೆ ತಂದೆಯ ಅಂಚುಬರಹಗಳನ್ನೆಲ್ಲ ಬಿಡಿಸಿ ಸೇರಿಸಿ, ಸೂಚಿಯನ್ನು ಬಹುಪಾಲು ಹೊಸದಾಗಿ ಕಟ್ಟಿ, 1879ರಲ್ಲಿ ವಿಸ್ತೃತ ಆವೃತ್ತಿ ತಂದ. ಆತನ ಬಳಿಕ ಮೊಮ್ಮಗ ಸ್ಯಾಮ್ಯುಯೆಲ್ ರೊಮಿಲಿ ರೋಜೆ ಆ ಹೊಣೆ ಹೊತ್ತ. ತಾತನನ್ನು ಸಲಹಿದ ಆ ಸೋದರಮಾವನ ಹೆಸರೇ ಅವನದು. ಹೀಗೆ ಮೂರು ತಲೆಮಾರು, ಸುಮಾರು 100 ವರ್ಷ, ಪುಸ್ತಕ ಮನೆಯವರ ಕೈಯಲ್ಲೇ ಬೆಳೆದು, 1950ರ ದಶಕದ ಆರಂಭದಲ್ಲಿ ಹಕ್ಕುಗಳು ಲಾಂಗ್‌ಮನ್ ಸಂಸ್ಥೆಗೆ ಮಾರಾಟವಾದವು. 1962ರಲ್ಲಿ ರಾಬರ್ಟ್ ಡಚ್ ಪರಿಷ್ಕರಿಸಿದಾಗ ಸಾವಿರ ಶೀರ್ಷಿಕೆಗಳು 990ಕ್ಕೆ ಇಳಿದವು. ಮೊದಲನೆಯದು ಮಾತ್ರ ಅಂದಿನಂತೆ ಇಂದಿಗೂ ‘ಅಸ್ತಿತ್ವ’ವೇ.